ಕಾಲೂರಬಾರದ ಸೈಕಲ್ಲು

“ಇಳಿಯೋ ಬೋಳಿಮಗನೆ. ಕಿವಿ ಎಲ್ಲಿ ಅಡ ಇಟ್ಟು ಬಂದಿದೀಯ? ಇಳಿ ಅಂದ್ರೆ ಇಳೀಬೇಕು.”

ಪೇದೆ ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡಿದ್ದ. ಐಸಿನ ಸೈಕಲ್ಲು ಮಾತ್ರ ನಿಂತಿರಲಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ, ಕೆಂಪು ದೀಪದ ಕೆಳಗೆ, ಹೊಸದಾಗಿ ಬಳಿದ ಬಿಳಿ ಪಟ್ಟೆಗಳ ಈಚೆಗೆ, ತಂಪಣ್ಣ ಗಾಣದೆತ್ತಿನ ಹಾಗೆ ಸುತ್ತು ಹಾಕುತ್ತಿದ್ದ. ಹಿಂದಿನ ಕ್ಯಾರಿಯರಿನ ಮೇಲೆ ಗೋಣಿಚೀಲ ಹೊದ್ದ ಐಸ್‌ಗಡ್ಡೆ ಅಡ್ಡಲಾಗಿ ಮಲಗಿತ್ತು. ಅದರ ಭಾರಕ್ಕೆ ಮುಂದಿನ ಚಕ್ರ ಆಗಾಗ ನೆಲ ಬಿಟ್ಟು ಏಳುತ್ತಿತ್ತು. ಅವನು ಹ್ಯಾಂಡಲ್ಲಿನ ಮೇಲೆ ಎದೆಯೊಡ್ಡಿ ಅದನ್ನು ಕೆಳಕ್ಕೆ ಅದುಮುತ್ತಿದ್ದ. ಸುತ್ತಿದ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿ, ಬಿಸಿ ಡಾಂಬರಿನ ಮೇಲೆ ಒದ್ದೆಯ ಬಳೆಯೊಂದು ಮೂಡಿತ್ತು, ಮೂಡುತ್ತಲೇ ಆರುತ್ತಿತ್ತು.

“ಇಳಿಯೋಕಾಗಲ್ಲ ಸ್ವಾಮಿ. ಇಳಿದ್ರೆ ಮತ್ತೆ ಹತ್ತೋಕಾಗಲ್ಲ. ಹಸಿರು ಬಂದ ತಕ್ಷಣ ಹೊರಟೇ ಹೋಗ್ತೀನಿ.”

“ಓಹೋ. ಮದ್ವೆ ಗಂಡು, ಕುದುರೆ ಇಳಿಯೋ ಹಾಗಿಲ್ಲ.”

ಸುತ್ತ ನಿಂತ ವಾಹನಗಳಲ್ಲಿ ಯಾರೋ ನಕ್ಕರು. ಗಾಜು ಇಳಿಸಿ ನಕ್ಕವರು ಮತ್ತೆ ಗಾಜು ಏರಿಸಿಕೊಂಡರು.

ತಂಪಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಐಸಿನ ಸೈಕಲ್ಲಿಗೆ ಇರುವುದು ಒಂದೇ ನಿಯಮ: ಹೊರಟ ಮೇಲೆ ಕಾಲೂರಬಾರದು. ಫ್ಯಾಕ್ಟರಿಯ ಬಾಗಿಲಲ್ಲಿ ಹಿಂದಿನಿಂದ ಒಬ್ಬರು ನೂಕಬೇಕು, ಮುಟ್ಟಿಸುವಲ್ಲಿ ಒಬ್ಬರು ಹಿಡಿದುಕೊಳ್ಳಬೇಕು. ನಡುವೆ ಎಲ್ಲಾದರೂ ಕಾಲು ನೆಲಕ್ಕೆ ತಾಗಿತೋ, ಅಲ್ಲಿಗೆ ಆಯಿತು. ಒಂಟಿ ಮನುಷ್ಯ ಅಷ್ಟು ಭಾರ ಹೊತ್ತ ಸೈಕಲ್ಲನ್ನು ಏರಿ ಮೊದಲ ತುಳಿತ ತುಳಿಯುವಷ್ಟರಲ್ಲಿ ಅದು ಮೊಂಡು ದನದ ಹಾಗೆ ಮಗ್ಗುಲಾಗಿಬಿಡುತ್ತದೆ. ಆದ್ದರಿಂದಲೇ ಐಸಿನವರು ಊರು ಕಣ್ಣು ಬಿಡುವ ಮೊದಲು, ಸಿಗ್ನಲ್ ದೀಪಗಳು ಇನ್ನೂ ಹಳದಿಯಲ್ಲಿ ರೆಪ್ಪೆ ಬಡಿಯುತ್ತಿರುವಾಗಲೇ, ತಮ್ಮ ಸುತ್ತು ಮುಗಿಸಿಬಿಡುವುದು. ಹೊತ್ತೇರಿದ ಮೇಲೆ ಬರಲೇಬೇಕಾದರೆ ಈ ಮೂಲೆಯಲ್ಲಿ ಒಂದು ದೀಪದ ಕಂಬವಿತ್ತು. ಕೆಂಪು ಬಿದ್ದಾಗ ಅದನ್ನು ತೋಳಲ್ಲಿ ಅಪ್ಪಿ, ಕಾಲು ಪೆಡಲಿನ ಮೇಲೇ ಇಟ್ಟುಕೊಂಡು ಕಾಯುವುದು. ಹಸಿರು ಬಿದ್ದಾಗ ಕಂಬಕ್ಕೆ ಅಂಗೈ ಕೊಟ್ಟು ತನ್ನನ್ನು ತಾನೇ ನೂಕಿಕೊಂಡು ಹೊರಡುವುದು. ಎಷ್ಟೋ ಜನ ಐಸಿನವರ ಕೈ ತಾಗಿ ತಾಗಿ ಆ ಕಂಬ ಒಂದೇ ಎತ್ತರದಲ್ಲಿ ನುಣ್ಣಗೆ ಹೊಳೆಯುತ್ತಿತ್ತು.

ಇವತ್ತು ಬಂದು ನೋಡಿದರೆ ಕಂಬವೇ ಇಲ್ಲ. ಅದಿದ್ದ ಜಾಗದಲ್ಲಿ ಹೊಸ ಫಲಕ ನಿಂತಿದೆ. ಒಂದು ಸೈಕಲ್ಲಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ಅದರ ಕೆಳಗೆ ಇನ್ನೊಂದು ಚಿತ್ರ, ಸೈಕಲ್ಲನ್ನು ಪಕ್ಕದಲ್ಲಿ ನಡೆಸಿಕೊಂಡು ಹೋಗುವ ಮನುಷ್ಯನದು. ಅವನಿಗೆ ತಲೆಯಿದೆ, ಮುಖವಿಲ್ಲ.

ಪೇದೆಗೆ ತಾಳ್ಮೆ ತೀರಿತು. ಸುತ್ತಿ ಬರುತ್ತಿದ್ದ ಸೈಕಲ್ಲಿಗೆ ಎದುರಾಗಿ ನುಗ್ಗಿ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದ. ಸೈಕಲ್ಲು ಓಲಿತು. ಗಡ್ಡೆ ಹಗ್ಗದೊಳಗೆ ಜರುಗಿ ಕರ್ರೆಂದಿತು. ತಂಪಣ್ಣನ ಎಡಗಾಲು ತಾನಾಗಿಯೇ ಇಳಿದು ನೆಲಕ್ಕೆ ತಾಗಿತು. ಸವೆದ ಚಪ್ಪಲಿಯ ಮೂಲಕ ಡಾಂಬರಿನ ಬಿಸಿ ಹತ್ತಿತು.

“ಊರಿಸಿಬಿಟ್ರಲ್ಲ ಸ್ವಾಮಿ,” ಎಂದ ತಂಪಣ್ಣ. ಬೈದ ಹಾಗಿರಲಿಲ್ಲ. ಯಾರದೋ ಸಾವಿನ ಸುದ್ದಿ ಮುಟ್ಟಿಸಿದ ಹಾಗಿತ್ತು.

ಸಾವಿನ ಸುದ್ದಿ ಇತ್ತು, ನಿಜ. ಅದು ಬೆಳಗಿನದು.

ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಸೈಕಲ್ಲು ನೂಕಲೆಂದೇ ಒಬ್ಬ ಮುದುಕನಿದ್ದ. ನೂಕುತಾತ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಹೆತ್ತವರು ಇಟ್ಟ ಹೆಸರು ಎಲ್ಲೋ ಇದ್ದಿರಬೇಕು, ಯಾರ ಬಾಯಲ್ಲೂ ಉಳಿದಿರಲಿಲ್ಲ. ತಂಪಣ್ಣನಿಗೂ ಅವನ ತಾಯಿ ಇಟ್ಟ ಹೆಸರು ತಂಪಣ್ಣ ಅಲ್ಲವಲ್ಲ. ತಾತ ಚಿಕ್ಕಂದಿನಲ್ಲಿ ಯಾರದೋ ಮನೆಯ ಜಗುಲಿಯ ಕೆಳಗೆ ಕೂತು, ಮೇಲೆ ಕೂತವರು ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕಿವಿಯಲ್ಲೇ ಕಲಿತವನು. ಜಗುಲಿ ಹತ್ತಿ ಕೂರು ಎಂದು ಅವನನ್ನು ಕರೆದವರಿರಲಿಲ್ಲ. ಪದ್ಯಕ್ಕೆ ಮಾತ್ರ ಜಗುಲಿ ಇಳಿಯಬೇಡ ಎಂದು ಹೇಳಲು ಯಾರಿಗೂ ಆಗಲಿಲ್ಲ. ಸೈಕಲ್ಲಿನ ಹಿಂದೆ ನಿಂತು ಗಡ್ಡೆಗೆ ಅಂಗೈ ಹಚ್ಚಿ, ಗಂಟಲೊಳಗೇ ಒಂದು ಪದ್ಯ ಹಿಡಿಯುತ್ತಿದ್ದ. ಸಾಲು ಏರಿ, ಏರಿ, ಕೊನೆಗೆ ಬಂದು ಕೂರುವ ಜಾಗದಲ್ಲಿ ಅವನ ಕೈಯ ಒತ್ತು ಬೀಳುತ್ತಿತ್ತು. ಅಷ್ಟು ಹೊತ್ತೂ ಬಂಡೆಯಂತಿದ್ದ ಸೈಕಲ್ಲು ಆಗ ಹಗುರಾಗಿ ಹೊರಟುಬಿಡುತ್ತಿತ್ತು. ಅರ್ಥ ಏನು ತಾತ ಎಂದು ಕೇಳಿದರೆ, “ಅರ್ಥ ದೇವರಿಗೆ ಗೊತ್ತು, ನಂಗೆ ನೂಕೋದು ಗೊತ್ತು,” ಎನ್ನುತ್ತಿದ್ದ.

ಬೆಳಗಿನ ಮೊದಲ ಸುತ್ತಿಗೆ ತಂಪಣ್ಣನನ್ನು ನೂಕಿದ್ದು ಅವನೇ. ಮುಟ್ಟಿಸಿ ತಿರುಗಿ ಬರುವಷ್ಟರಲ್ಲಿ ತಾತ ಗೋಡೆಗೊರಗಿ, ಐಸು ಕಟ್ಟುವ ತೊಟ್ಟಿಯಿಂದ ಹರಿದ ಉಪ್ಪುನೀರಿನಲ್ಲಿ ಕಾಲು ಚಾಚಿ ಕೂತಿದ್ದ. ಅಂಗೈಗಳು ಮೇಲ್ಮುಖವಾಗಿ ತೊಡೆಯ ಮೇಲಿದ್ದವು. ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ ಅಂಗೈಗಳು. ದಣಿದು ಕೂತಿದ್ದಾನೆ ಎಂದುಕೊಂಡು ತಂಪಣ್ಣ ಎರಡನೆಯ ಗಡ್ಡೆ ಕಟ್ಟಿಕೊಂಡು ಸೀಟಿನ ಮೇಲೆ ಕೂತು, “ಹೂಂ, ತಾತ,” ಎಂದು ಕಾದ. ಬೆನ್ನಿನ ಹಿಂದೆ ಪದ್ಯ ಏಳಲಿಲ್ಲ.

ಫ್ಯಾಕ್ಟರಿಯ ದಣಿ ಬಂದು ನೋಡಿ, ಒಂದು ಮಾತು ಹೇಳದೆ ಮುದುಕ ರಜಾ ಹಾಕಿಬಿಟ್ಟನಲ್ಲ ಎಂದ. ಆಮೇಲೆ ಗಿರಾಕಿ ಬರುವ ಹೊತ್ತು, ಬಾಗಿಲಲ್ಲಿ ಇಟ್ಟುಕೊಳ್ಳಬೇಡಿ, ಬೇಗ ಸಾಗಿಸಿ ಎಂದ. ಕೈಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ಒಯ್ದರು. ಮನೆ ಎಂದರೆ ತಗಡಿನ ಕೆಳಗಿನ ಒಂದೇ ಕೋಣೆ. ಹೊತ್ತೇರಿತು ಎಂದರೆ ಆ ತಗಡು ಹೆಂಚಿನ ಹಾಗೆ ಕಾಯುತ್ತದೆ. ಒಳಗಿರುವವರು ಗೋಡೆಗೆ ಬೆನ್ನು ತಾಗಿಸುವುದಿಲ್ಲ. ತಾತನ ಒಬ್ಬಳೇ ಮಗಳು ದೂರದ ಊರಲ್ಲಿದ್ದಳು. ಸುದ್ದಿ ಮುಟ್ಟಿ, ಬಸ್ಸು ಹಿಡಿದು, ಅವಳು ಬರುವಾಗ ಸಂಜೆ.

ತಾತನ ಹೆಂಡತಿ, ಅಜ್ಜಿ, ಅತ್ತು ಮುಗಿಸಿದ್ದಳೋ ಇನ್ನೂ ಶುರು ಮಾಡಿರಲಿಲ್ಲವೋ. ತಂಪಣ್ಣನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

“ಮಗಳಿಗೆ ಅಪ್ಪನ ಮುಖ ತೋರಿಸ್ಬೇಕು ಮಗಾ. ಊದಿಕೊಂಡ ಮುಖ ಅಲ್ಲ, ಅವರ ಮುಖ. ಜೀವಮಾನ ಪೂರ್ತಿ ಊರಿಗೆಲ್ಲಾ ಐಸ್ ನೂಕಿದಾರೆ. ಒಂದು ತುಂಡು ಅವರಿಗೂ ಬರ್ಲಿ.”

ತರುತ್ತೇನೆ ಎಂದು ತಂಪಣ್ಣ ಅವಳ ಕೈ ಮೇಲೆ ಕೈ ಇಟ್ಟು ಹೇಳಿ ಬಂದಿದ್ದ.

ದಣಿ ಮೊದಲು ಆಗುವುದಿಲ್ಲ ಎಂದ. ಬಹಳ ಹೊತ್ತು ಬಾಗಿಲಲ್ಲಿ ನಿಂತ ಮೇಲೆ ಮೂಲೆಯಲ್ಲಿ ಬಿಸಾಡಿದ್ದ ಬಿರುಕುಗಡ್ಡೆಯೊಂದನ್ನು ಕಾಲಲ್ಲಿ ತೋರಿಸಿದ. ನಡು ಉದ್ದಕ್ಕೂ ಬೆಳ್ಳನೆಯ ಸೀಳು ಓಡಿತ್ತು. ಒಳ್ಳೆಯದು ಕೊಡಿ ದಣಿ ಎಂದರೆ, “ಸತ್ತೋನಿಗೆ ಕನ್ನಡಿ ಹಾಗಿರೋ ಐಸ್ ಯಾಕೋ? ಮುಖ ನೋಡ್ಕೋತಾನ?” ಎಂದು ಕೇಳಿದ. ನೂಕಲು ಯಾರೂ ಇರಲಿಲ್ಲ. ಗಡ್ಡೆ ಜಾರಿಸುವ ಹಲಗೆಯ ಇಳಿಜಾರಿನ ಮೇಲೆ ಸೈಕಲ್ಲು ಏರಿಸಿಟ್ಟು, ಅಲ್ಲಿಂದ ಬಿಟ್ಟುಕೊಂಡು, ಆ ಜಾರಿನ ಬಲದಲ್ಲೇ ರಸ್ತೆಗೆ ಬಿದ್ದಿದ್ದ ತಂಪಣ್ಣ.

ಈಗ ಕಾಲು ನೆಲದ ಮೇಲಿತ್ತು.

ಕೂಡುರಸ್ತೆಯ ಮೂಲೆಯಲ್ಲಿ ಒಂದು ದೊಡ್ಡ ಶಾಮಿಯಾನ ಹಾಕಿದ್ದರು. ದಪ್ಪ ಬಟ್ಟೆಯ ನೆರಳು, ಎರಡು ಪಕ್ಕಕ್ಕೂ ಎತ್ತರದ ಫ್ಯಾನು, ಮುಂದೆ ಮೈಕು. ರಸ್ತೆ ಸುರಕ್ಷತೆಯ ಕಾರ್ಯಕ್ರಮ. ಸೈಕಲ್ಲು ತುಳಿಯಿರಿ, ಊರು ಉಳಿಸಿರಿ ಎಂದು ಬಟ್ಟೆಯ ಮೇಲೆ ಬರೆದಿತ್ತು. ಮೈಗೆ ಅಂಟಿದ ಬಣ್ಣದ ಉಡುಪು ತೊಟ್ಟ ಗಂಡಸರು ಹೆಂಗಸರು, ಒಂದೇ ಕೈಯಲ್ಲಿ ಎತ್ತಬಹುದಾದಂಥ ಸೈಕಲ್ಲುಗಳನ್ನು ಮಕ್ಕಳ ಹಾಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮುಖ್ಯ ಅತಿಥಿ ಬಂದು ಬಾವುಟ ಬೀಸಿದರೆ ಅವರ ಸವಾರಿ ಹೊರಡುವುದು. ಅತಿಥಿ ಬರುವುದು ತಡವಾಗಿತ್ತು. ಮೈಕಿನ ಮುಂದೆ ನಿಂತ ಪೊಲೀಸ್ ಸಾಹೇಬನಿಗೆ ಹೇಳಲು ಮಾತು ಮುಗಿದುಹೋಗಿತ್ತು.

ಪೇದೆ ತಂಪಣ್ಣನನ್ನು ಸೈಕಲ್ಲಿನ ಸಮೇತ ಎಳೆದು ತಂದದ್ದು ಕಂಡು ಸಾಹೇಬನ ಮುಖ ಅರಳಿತು.

“ಬಾರಪ್ಪ ಬಾ. ನಿನ್ನಂಥೋನೇ ಬೇಕಾಗಿತ್ತು. ನೋಡಿ, ಇವರೇ ನಮ್ಮ ಊರಿನ ಹಳೇ ಸೈಕಲ್ ಸವಾರರು. ಕೆಂಪು ದೀಪದ ಕೆಳಗೆ ಗಿರಗಿಟ್ಲೆ ಆಡ್ತಾರೆ.”

ನಗು ಎದ್ದಿತು. ಸೈಕಲ್ಲನ್ನು ಬಿಸಿಲಲ್ಲಿ ಸ್ಟ್ಯಾಂಡು ಹಾಕಿಸಿ, ಅವನನ್ನು ಮೈಕಿನ ಪಕ್ಕಕ್ಕೆ ಕರೆದರು. ನಿಯಮ ಗೊತ್ತೇನೋ ಎಂದು ಸಾಹೇಬ ಕೇಳಿದ. ಗೊತ್ತಿಲ್ಲ ಎಂದ. ಓದಲು ಬರುತ್ತದೆಯೇ ಎಂದ. ಇಲ್ಲ ಎಂದ. ಹಾಗಾದರೆ ನಾನು ಹೇಳಿದ ಹಾಗೆ ಹೇಳು, ಜೋರಾಗಿ ಹೇಳು, ಎಲ್ಲರಿಗೂ ಕೇಳಲಿ ಎಂದು ಕಿವಿ ಹಿಡಿದುಕೊಳ್ಳಲು ಹೇಳಿದ. ತಂಪಣ್ಣ ಸೈಕಲ್ಲಿನ ಕಡೆ ನೋಡಿದ. ಗೋಣಿಯ ಅಂಚಿನಿಂದ ನೀರು ಎಳೆಯಾಗಿ ಇಳಿಯಲು ಶುರುವಾಗಿತ್ತು.

“ಸ್ವಾಮಿ, ಐಸ್ ಕರಗ್ತಾ ಇದೆ.”

“ಕರಗಲಿ. ಜೊತೆಗೆ ನಿನ್ನ ಕೊಬ್ಬೂ ಕರಗಲಿ.”

“ಸಾವಾಗಿದೆ ಸ್ವಾಮಿ. ಹೆಣ ಕೆಡಬಾರದು ಅಂತ ಒಯ್ತಾ ಇದೀನಿ. ಮಗಳು ಬರೋದು ಸಂಜೆ.”

ಸಾಹೇಬ ಮೈಕನ್ನು ಅಂಗೈಯಿಂದ ಮುಚ್ಚಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅನುಭವವಿತ್ತು.

“ನಮ್ಮ ಕೈಗೆ ಸಿಕ್ಕಿಬಿದ್ದೋರೆಲ್ಲರ ಮನೇಲೂ ಅವತ್ತೇ ಯಾರೋ ಸತ್ತಿರ್ತಾರೆ ಕಣೋ. ಹೊಸದು ಏನಾದ್ರೂ ಹೇಳು.” ಆಮೇಲೆ ಕೈ ತೆಗೆದು ಮೈಕಿಗೆ ಹೇಳಿದ: “ಎಡಗಡೆಯಲ್ಲೇ ಹೋಗಬೇಕು.”

ತಂಪಣ್ಣ ಕಿವಿ ಹಿಡಿದುಕೊಂಡ. “ಎಡಗಡೆಯಲ್ಲೇ ಹೋಗಬೇಕು.”

“ಹಸಿರು ಬಂದಾಗ ಮಾತ್ರ ಹೊರಡಬೇಕು.”

“ಹಸಿರು ಬಂದಾಗ ಮಾತ್ರ ಹೊರಡಬೇಕು.”

“ದಾಟುವಾಗ ಕೆಳಗಿಳಿದು, ಬಿಳಿ ಪಟ್ಟೆಯ ಮೇಲೆ, ಸೈಕಲ್ಲನ್ನು ಕೈಯಲ್ಲಿ ನಡೆಸಿಕೊಂಡು ಹೋಗಬೇಕು.”

ಹೇಳಿದ. ದನಿ ಮೈಕಿನಿಂದ ಹೊರಟು ಎದುರಿನ ಕಟ್ಟಡದ ಗಾಜಿಗೆ ಬಡಿದು ತಿರುಗಿ ಅವನ ಕಿವಿಗೇ ಬಂತು. ಬೇರೆ ಯಾರದೋ ದನಿಯಂತಿತ್ತು.

“ಕೆಂಪು ಬಿದ್ದರೆ ಎಲ್ಲಿದ್ದೇವೋ ಅಲ್ಲೇ ನಿಲ್ಲಬೇಕು. ಕದಲಬಾರದು.”

“ಕೆಂಪು ಬಿದ್ದರೆ ಎಲ್ಲಿದ್ದೇವೋ ಅಲ್ಲೇ ನಿಲ್ಲಬೇಕು. ಕದಲಬಾರದು.”

ಇಷ್ಟಕ್ಕೇ ಬಿಡಲಿಲ್ಲ. ಎಡಕ್ಕೆ ತಿರುಗುವಾಗ ಕೈ ಹೇಗೆ, ಬಲಕ್ಕೆ ತಿರುಗುವಾಗ ಕೈ ಹೇಗೆ ಎಂದು ತೋರಿಸಲು ಹೇಳಿದರು. ಎರಡೂ ತೋಳು ಚಾಚಿ ಹೊಲದ ಬೆದರುಗೊಂಬೆಯ ಹಾಗೆ ನಿಂತ. ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ, ಹಾಗೇ ಇರು ಎಂದು ಯಾರೋ ಫೋಟೊ ತೆಗೆದುಕೊಂಡರು. ಚಾಚಿದ ತೋಳುಗಳ ನಡುವಿನಿಂದ ಅವನು ತನ್ನ ಸೈಕಲ್ಲನ್ನೇ ನೋಡುತ್ತಿದ್ದ. ಕೆಳಗೆ ಬಿದ್ದ ನೀರು ಈಗ ಆರುತ್ತಿರಲಿಲ್ಲ, ಹರಿಯುತ್ತಿತ್ತು.

ಅಷ್ಟರಲ್ಲಿ ಬಣ್ಣದ ಉಡುಪಿನವರಲ್ಲೊಬ್ಬರು ಜ್ಯೂಸು ಬೆಚ್ಚಗಾಗಿದೆ ಎಂದು ಗೊಣಗಿದರು. ಸಾಹೇಬನ ಕಣ್ಣು ಗೋಣಿಚೀಲದ ಮೇಲೆ ಹೋಯಿತು. ಅವನು ಹೇಳಬೇಕಾಗಲಿಲ್ಲ, ಪೇದೆಗೆ ಗೊತ್ತಾಯಿತು. ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಐಸು ಒಡೆಯುವ ಮೊಳೆಯನ್ನು ಕಿತ್ತುಕೊಂಡು ಗೋಣಿ ಸರಿಸಿದ.

ತಂಪಣ್ಣ ತೋಳು ಇಳಿಸಿದ. “ಅದು ಬೇಡ ಸ್ವಾಮಿ. ಹೆಣಕ್ಕೆ ಅಂತ ತಂದಿರೋದು.”

“ತೋಳು ಮೇಲೆ,” ಎಂದ ಸಾಹೇಬ.

ಮೊಳೆ ಗಡ್ಡೆಯ ಮೂಲೆಗೆ ಬಿತ್ತು. ಬಿದ್ದ ಪ್ರತಿ ಏಟಿಗೂ ತಂಪಣ್ಣನ ಕಚ್ಚಿ ಹಿಡಿದ ಹಲ್ಲು ಜುಮ್ಮೆಂದಿತು. ಚೂರುಗಳನ್ನು ತಟ್ಟೆಯಲ್ಲಿ ತುಂಬಿ ಒಯ್ದರು. ಗ್ಲಾಸುಗಳಲ್ಲಿ ಟಿಣ್ ಟಿಣ್ ಎಂದು ಸದ್ದಾಯಿತು. ಒಬ್ಬ ಹೆಂಗಸು ಕಣ್ಣು ಮುಚ್ಚಿ ತಣ್ಣನೆಯ ಗ್ಲಾಸನ್ನು ಕೆನ್ನೆಗೆ ಒತ್ತಿಕೊಂಡಳು. ಸಾಹೇಬನೂ ಕುಡಿದ. ಕುಡಿದ ಮೇಲೆ ಅವನ ಮನಸ್ಸು ತಂಪಾಯಿತೆಂದು ತೋರುತ್ತದೆ.

“ಸರಿ, ಹೋಗು. ಇವತ್ತಿಗೆ ಬಿಟ್ಟಿದೀನಿ. ಏಯ್, ಇವನ ಚಕ್ರದ ಗಾಳಿ ತೆಗಿ. ಇಲ್ದಿದ್ರೆ ಮುಂದಿನ ತಿರುವಲ್ಲಿ ಮತ್ತೆ ಹತ್ತಿ ಕೂರ್ತಾನೆ. ನಡೆಸ್ಕೊಂಡೇ ಹೋಗೋ ಹಾಗೆ ಮಾಡು.”

ಪೇದೆ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಲ್ವು ಬಿಚ್ಚಿ ಜೇಬಿಗೆ ಹಾಕಿಕೊಂಡ. ಗಾಳಿ ಉಸ್ಸೆಂದು ಹೊರಟು ಬಹಳ ಹೊತ್ತು ಉಸಿರಾಡಿ ಸತ್ತಿತು. ಗಡ್ಡೆಯ ಭಾರಕ್ಕೆ ಟೈರು ಚಪ್ಪಟೆಯಾಗಿ ರಿಮ್ಮು ನೆಲಕ್ಕೆ ಕೂತಿತು. ತಂಪಣ್ಣ ಸ್ಟ್ಯಾಂಡು ತೆಗೆದು ನೂಕಿ ನೋಡಿದ. ಭುಜ ಕೊಟ್ಟು ನೂಕಿದ. ಸೈಕಲ್ಲು ಬೇರು ಬಿಟ್ಟ ಹಾಗೆ ನಿಂತಿತ್ತು.

ಎಲ್ಲಿಗೆ ಹೋಗಬೇಕೋ ಆ ಕೇರಿ ಅಲ್ಲಿಂದ ಕಾಣುತ್ತಿತ್ತು. ದೊಡ್ಡ ರಸ್ತೆ ದಾಟಿ, ಆಚೆ ಕಟ್ಟಡಗಳ ಸಂದಿನಲ್ಲಿ, ಬಿಸಿಲಿಗೆ ಬೆಳ್ಳಗೆ ಉರಿಯುವ ತಗಡುಗಳು.

“ಯಾವ ಕಡೆ ಹೋಗ್ಲಿ ಸ್ವಾಮಿ, ನೀವೇ ಹೇಳಿ,” ಎಂದು ಪೇದೆಯನ್ನು ಕೇಳಿದ.

ಸಾಹೇಬನ ಕಣ್ಣು ಇಲ್ಲದ ಕಡೆ ಪೇದೆಯೂ ಮನುಷ್ಯನೇ. ಅವನು ನಿಜವಾಗಿಯೇ ಯೋಚಿಸಿದ. ನೇರ ಹೋದರೆ ದೊಡ್ಡ ರಸ್ತೆ, ಅಲ್ಲಿ ಕತ್ತಲಾಗುವವರೆಗೆ ಸೈಕಲ್ಲು ಬಿಡುವ ಹಾಗಿಲ್ಲ. ಎಡಕ್ಕೆ ಒಮ್ಮುಖ ರಸ್ತೆ, ವಾಹನಗಳು ಎದುರಿನಿಂದ ಬರುತ್ತವೆ. ಬಲಕ್ಕೆ ಮೇಲ್ಸೇತುವೆ, ಅಲ್ಲಿ ನಡೆಯುವುದೂ ಇಲ್ಲ, ತುಳಿಯುವುದೂ ಇಲ್ಲ. ಬಂದ ದಾರಿಯಲ್ಲೇ ಹಿಂದಿರುಗೋಣ ಎಂದರೆ ಅದೂ ಬೆಳಿಗ್ಗೆಯಿಂದ ಒಮ್ಮುಖವಾಗಿದೆ. ಕಾಲುದಾರಿಯ ಮೇಲೆ ಸೈಕಲ್ಲು ಏರಿಸಿದರೆ ತಾನೇ ಹಿಡಿಯಬೇಕಾಗುತ್ತದೆ. ಒಂದೊಂದು ಕಡೆಗೂ ಕೈ ಚಾಚಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕೊನೆಗೆ ಪೇದೆ ತಲೆ ಕೆರೆದ.

“ನೀನು ಇಲ್ಲಿಗೆ ಬರಲೇಬಾರದಾಗಿತ್ತು ಕಣಯ್ಯ.”

ತಂಪಣ್ಣ ಸೈಕಲ್ಲಿನ ಪಕ್ಕದಲ್ಲೇ ಕೂತ. ತನ್ನ ನೆರಳು ಗಡ್ಡೆಯ ಮೇಲೆ ಬೀಳುವ ಹಾಗೆ ಜರುಗಿ ಕೂತ. ಅಂಗಿ ಬಿಚ್ಚಿ ಗೋಣಿಯ ಮೇಲೆ ಹೊದಿಸಿದ. ಬೆನ್ನು ಸುಡುತ್ತಿತ್ತು. ಗೋಣಿಗೆ ಅಂಗೈ ಇಟ್ಟರೆ ಒಳಗಿನಿಂದ ಸಣ್ಣಗೆ ಬಿರುಕು ಬಿಡುವ ಸದ್ದು. ಅಜ್ಜಿಯ ಕೈ ಮೇಲಿಟ್ಟ ಕೈ ಅದೇ.

ರಸ್ತೆಯಂಚಿನ ಕಸ ಗುಡಿಸುತ್ತ ಪೊರಕೆಯಕ್ಕ ಅಲ್ಲಿಗೆ ಬಂದಳು. ಅವಳೂ ಅದೇ ಕೇರಿಯವಳು, ತಾತನ ಮನೆಯ ಹಿಂದಿನ ಗೋಡೆ ಅವಳದು. ಅವಳು ಬೆಳಿಗ್ಗೆಯೇ ತಾತನ ಕಾಲಿಗೆ ನಮಸ್ಕಾರ ಮಾಡಿ ಕೆಲಸಕ್ಕೆ ಬಂದಿದ್ದಳು. ರಜೆ ಕೇಳಿದರೆ ನಾಳೆ ಬರಬೇಡ ಎನ್ನುತ್ತಾರೆ. ಗುಡಿಸುವುದನ್ನು ನಿಲ್ಲಿಸದೆ, ತಲೆ ಎತ್ತದೆ, ಏನಾಯಿತು ಎಂದು ಕೇಳಿದಳು. ಅವನು ಹೇಳಿದ. ಶಾಮಿಯಾನದ ಕಡೆ ಮುಖ ಮಾಡಿ ಅವಳು ಗಂಟಲಲ್ಲೇ ಒಂದು ಕೆಟ್ಟ ಮಾತು ಬೈದಳು. ಅದು ಅವರ ತಾಯಂದಿರ ವಿಷಯವಾಗಿತ್ತು.

“ನಾಲ್ಕು ಜನನ್ನ ಕರ್ಕೊಂಡ್ ಬರ್ತೀನಿ ಇರು ತಮ್ಮಾ. ಹೊತ್ಕೊಂಡ್ ಹೋಗ್ಲಿ.”

ಹೂಂ ಎನ್ನಲು ತಂಪಣ್ಣ ಬಾಯಿ ತೆರೆದ. ಹೊತ್ತುಕೊಂಡು ಹೋದರೆ ಎಷ್ಟು ಉಳಿದೀತು. ಉಳಿದದ್ದು ಆ ತಗಡಿನ ಕೆಳಗೆ ಎಷ್ಟು ಹೊತ್ತು ತಾಳೀತು. ಶಾಮಿಯಾನದ ದಪ್ಪ ನೆರಳು ಬಿಳಿ ಪಟ್ಟೆಯವರೆಗೂ ಚಾಚಿತ್ತು. ಫ್ಯಾನಿನ ಗಾಳಿ ಇಲ್ಲಿಯವರೆಗೂ ಬರುತ್ತಿತ್ತು. ಸಾಹೇಬನ ಕೈಯಲ್ಲಿ ಗ್ಲಾಸು ಇನ್ನೂ ಇತ್ತು. ಅದರ ತಳದಲ್ಲಿ ಉಳಿದ ಚೂರನ್ನು ಅವನು ಅಲ್ಲಾಡಿಸುತ್ತ, ಯಾರ ಮಾತಿಗೋ ನಗುತ್ತಿದ್ದ.

“ಬೇಡಕ್ಕ,” ಎಂದ ತಂಪಣ್ಣ. “ಐಸ್ ಅಲ್ಲಿಗೆ ಬರಲ್ಲ. ತಾತನ್ನೇ ಇಲ್ಲಿಗೆ ಕರ್ಕೊಂಡ್ ಬರ್ಲಿ.”

ಪೊರಕೆ ನಿಂತಿತು.

“ಸರಿಯಾಗಿ ಹೇಳಕ್ಕ ಅವರಿಗೆ. ಸೈಕಲ್ ಮೇಲೆ ಮಲಗಿಸ್ಕೊಂಡು, ಯಾರೂ ಹತ್ತದೆ, ಕೈಯಲ್ಲಿ ನಡೆಸ್ಕೊಂಡು. ಎಡಗಡೇಲೇ. ಬಿಳಿ ಪಟ್ಟೆ ಮೇಲೇ ದಾಟಬೇಕು. ಹಸಿರು ಬಂದಾಗ ಮಾತ್ರ. ಕೆಂಪು ಬಿದ್ರೆ ಎಲ್ಲಿದಾರೋ ಅಲ್ಲೇ ನಿಲ್ಬೇಕು. ಕದಲಬಾರದು.”

ಪೊರಕೆಯಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೋದಳು. ಹೋಗುವಾಗ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು, ಪಾಠ ಮರೆಯಬಾರದು ಎನ್ನುವವರ ಹಾಗೆ.

ಎಷ್ಟು ಹೊತ್ತಾಯಿತೋ. ಶಾಮಿಯಾನದಲ್ಲಿ ಮುಖ್ಯ ಅತಿಥಿ ಹೊರಟಿದ್ದಾರೆ, ಹತ್ತಿರ ಬಂದರು, ಬಂದೇಬಿಟ್ಟರು ಎಂದು ಹೇಳುತ್ತಲೇ ಇದ್ದರು. ಬಾವುಟವನ್ನು ಬಿಚ್ಚಿ ಸುತ್ತಿ ಮತ್ತೆ ಬಿಚ್ಚಿದರು.

ಮೊದಲು ಕಂಡದ್ದು ಹಾಲಿನವನು. ಆಮೇಲೆ ಮೀನಿನ ಬುಟ್ಟಿಯವನು. ಇಬ್ಬರ ಸೈಕಲ್ಲೂ ಅಕ್ಕಪಕ್ಕದಲ್ಲಿ, ಎರಡರ ಕ್ಯಾರಿಯರಿನ ಮೇಲೂ ಅಡ್ಡವಾಗಿ ಒಂದು ಬಾಗಿಲು. ಅದು ತಾತನ ಮನೆಯ ಬಾಗಿಲೇ. ಅಗಣಿ ಇನ್ನೂ ನೇತಾಡುತ್ತಿತ್ತು. ಅದರ ಮೇಲೆ ತಾತ, ಕುತ್ತಿಗೆಯವರೆಗೆ ಒದ್ದೆ ದುಪ್ಪಟಿ. ಹಿಂದೆ ಪೊರಕೆಯಕ್ಕ, ಕೇರಿಯ ಹೆಂಗಸರು, ಬೆಳಗಿನ ಸುತ್ತು ಮುಗಿಸಿದ ಐಸಿನವರು. ಎಲ್ಲರೂ ತಮ್ಮ ತಮ್ಮ ಸೈಕಲ್ಲು ಹಿಡಿದುಕೊಂಡು ನಡೆಯುತ್ತಿದ್ದರು, ಹತ್ತಿದವರು ಯಾರೂ ಇರಲಿಲ್ಲ. ಅಜ್ಜಿ ಒಂದು ಸೀಟನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕೊಡೆಯನ್ನು ತಾತನ ಮುಖದ ಮೇಲೆ ಹಿಡಿದಿದ್ದಳು. ಅಳುತ್ತಿದ್ದವರು ಯಾರೂ ಇರಲಿಲ್ಲ. ರಸ್ತೆಯ ಎಡಗಡೆಯಲ್ಲೇ ಬಂದರು.

ಆಚೆ ಬದಿಯಲ್ಲಿ ಬಿಳಿ ಪಟ್ಟೆ ಶುರುವಾಗುವಲ್ಲಿ ನಿಂತರು. ಕೆಂಪಿತ್ತು. ವಾಹನಗಳು ಅವರ ಮುಂದೆ ಹರಿದವು. ಹೆಣ ಕಂಡು ಯಾರೋ ಒಬ್ಬ ವೇಗ ತಗ್ಗಿಸಿ, ದಾಟಿ ಎಂದು ಕೈಸನ್ನೆ ಮಾಡಿದ. ಯಾರೂ ದಾಟಲಿಲ್ಲ. ಹಾಲಿನವನು ದೀಪದ ಕಡೆ ಬೆರಳು ತೋರಿಸಿದ.

ಹಸಿರು ಬಿತ್ತು. ಹೊರಟರು. ಎರಡು ಸೈಕಲ್ಲು ಒಂದೇ ಹೆಜ್ಜೆಯಲ್ಲಿ ಸಾಗಬೇಕು, ಬಾಗಿಲು ಜಾರಬಾರದು, ಅಜ್ಜಿಯ ಮಂಡಿ ನೋವಿನ ಕಾಲು. ಆ ಹಸಿರನ್ನು ಯಾರೋ ಓಡುವವರ ಲೆಕ್ಕದಲ್ಲಿ ಇಟ್ಟಿದ್ದರು. ಅವರು ರಸ್ತೆಯ ನಟ್ಟನಡುವೆ ಬರುವಷ್ಟರಲ್ಲಿ ಕೆಂಪು ಬಿತ್ತು.

ನಿಂತರು.

ಮೊದಲು ಒಂದು ಹಾರನ್ನು, ಆಮೇಲೆ ಎಲ್ಲ ಹಾರನ್ನುಗಳು. ಸಾಹೇಬ ಗ್ಲಾಸಿನ ಸಮೇತ ಓಡಿ ಬಂದ. ಅವನ ಹಿಂದೆ ಬಣ್ಣದ ಉಡುಪಿನವರಲ್ಲಿ ಕೆಲವರು ಬಂದು, ಬಾಗಿಲಿನ ಮೇಲಿದ್ದುದನ್ನು ಕಂಡು ಅಲ್ಲೇ ತಡೆದರು.

“ಏನ್ರೋ ಇದು? ಹೆಣ ತಂದು ನಡುರಸ್ತೇಲಿ ಇಡ್ತೀರ? ತೆಗೀರೋ ಮೊದ್ಲು, ಸೂಳೆಮಕ್ಳ. ಹೊರಡ್ರೋ.”

“ಕೆಂಪಿದೆ ಸ್ವಾಮಿ,” ಎಂದ ಹಾಲಿನವನು.

“ಕೆಂಪು ಬಿದ್ರೆ ಎಲ್ಲಿದೀವೋ ಅಲ್ಲೇ ನಿಲ್ಬೇಕಂತೆ,” ಎಂದ ಮೀನಿನವನು. “ನೀವೇ ಮೈಕಲ್ಲಿ ಹೇಳಿದ್ರಂತೆ.”

ತಂಪಣ್ಣ ಎದ್ದ. ಗಡ್ಡೆಯ ಹಗ್ಗ ಬಿಚ್ಚಿ, ಅಂಗಿಯನ್ನೂ ಗೋಣಿಯನ್ನೂ ತೆಗೆದ. ದಣಿ ಕಾಲಲ್ಲಿ ತೋರಿಸಿದ್ದ ಆ ಬಿರುಕು ಈಗ ಅಗಲವಾಗಿತ್ತು. ಪೇದೆ ಬಿಟ್ಟುಹೋಗಿದ್ದ ಮೊಳೆಯನ್ನು ಅದರಲ್ಲಿಟ್ಟು ಒಮ್ಮೆ ತಿರುಚಿದ್ದೇ ಗಡ್ಡೆ ಉದ್ದಕ್ಕೆ ಎರಡಾಯಿತು, ಒಬ್ಬ ಹೊರಬಹುದಾದಷ್ಟು. ಒಂದನ್ನು ಬರಿಯ ಎದೆಗೆ ಅಪ್ಪಿಕೊಂಡು ವಾಹನಗಳ ನಡುವೆ ನಡೆದ. ಹಾರನ್ನುಗಳು ಅವನು ಬಂದ ಕಡೆ ಒಂದೊಂದಾಗಿ ಸುಮ್ಮನಾದವು. ಅದನ್ನು ತಾತನ ತಲೆಯ ಪಕ್ಕದಲ್ಲಿಟ್ಟ. ಮತ್ತೆ ಹೋಗಿ ಇನ್ನೊಂದನ್ನು ತಂದು ಎದೆಯ ಪಕ್ಕದಲ್ಲಿಟ್ಟು ದುಪ್ಪಟಿ ಎಳೆದ. ಒಡೆದ ಮೂಲೆ ಹೊರಗೆ ಕಾಣುತ್ತಿತ್ತು.

ಗ್ಲಾಸನ್ನು ಕೆನ್ನೆಗೆ ಒತ್ತಿಕೊಂಡಿದ್ದ ಹೆಂಗಸು ಆ ಮೂಲೆಯನ್ನು ನೋಡಿದಳು. ತನ್ನ ಕೈಯಲ್ಲಿದ್ದುದನ್ನು ನೋಡಿದಳು. “ಆ ಐಸು...” ಎಂದಳು.

“ಅದೇ ಅಮ್ಮ,” ಎಂದ ತಂಪಣ್ಣ. “ಇದೇ ಗಡ್ಡೆದು.”

ಅವಳು ಗ್ಲಾಸನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೈ ದೂರ ಮಾಡಿ ನಿಂತಳು. ಸಾಹೇಬ ತನ್ನ ಗ್ಲಾಸನ್ನು ಬೆನ್ನ ಹಿಂದೆ ಒಯ್ದ. ಒಯ್ದ ಕೈಯಲ್ಲೇ ಅದನ್ನು ಚೆಲ್ಲಿ, ಇನ್ನೊಂದು ಕೈಯಲ್ಲಿ ತಂಪಣ್ಣನ ಕೆನ್ನೆಗೆ ಹೊಡೆದ. ತಂಪಣ್ಣನ ತಲೆ ಒಂದು ಕಡೆ ತಿರುಗಿ ಮತ್ತೆ ನೆಟ್ಟಗಾಯಿತು. ಅವನು ಅಲ್ಲಿಂದ ಕದಲಲಿಲ್ಲ. ಕೆಂಪಿತ್ತು.

ದೂರದಲ್ಲಿ, ವಾಹನಗಳ ಸಾಲಿನ ತುದಿಯಲ್ಲಿ, ಮುಖ್ಯ ಅತಿಥಿಯ ಕಾರು ಸಿಕ್ಕಿಕೊಂಡು ಕೂಗುತ್ತಿತ್ತು. ಮುಂದೆಯೂ ದಾರಿಯಿಲ್ಲ, ಹಿಂದೆಯೂ ಇಲ್ಲ. ಸಾಹೇಬ ಪೇದೆಗೆ ಅರಚಿದ. ಪೇದೆ ಸೀಟಿ ಬಾಯಿಗಿಟ್ಟುಕೊಂಡು ಊದಿದ, ಊದಿದ. ಯಾರಿಗೆ ಊದುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. ಅವನ ಜೇಬಿನಲ್ಲಿ ವಾಲ್ವು ಇನ್ನೂ ಇತ್ತು.

ಅಜ್ಜಿ ಐಸಿನ ಮೇಲೆ ಅಂಗೈ ಇಟ್ಟು, ತಣ್ಣಗಾದ ಆ ಕೈಯಿಂದ ತಾತನ ಹಣೆ ಸವರಿದಳು. ಮುಖ ಇನ್ನೂ ಅವನದೇ ಆಗಿತ್ತು.

“ಮಗಳ ಬಸ್ಸು ಈ ದಾರೀಲೇ ಬರೋದಲ್ವ ಮಗಾ?”

“ಇದೇ ದಾರಿ ಅಜ್ಜಿ. ಇಲ್ಲಿಗೇ ಬಂದು ನಿಲ್ಬೇಕು.”

ಬಾಗಿಲಿನ ಅಂಚಿನಿಂದ ನೀರು ಇಳಿದು, ಬಿಳಿ ಪಟ್ಟೆಗಳ ಮೇಲೆ ಹರಡಿ, ಕೆಂಪು ದೀಪವನ್ನು ಹಿಡಿದುಕೊಂಡಿತ್ತು. ನೋಡುತ್ತಿದ್ದ ಹಾಗೆ ಅದು ಹಸಿರಾಯಿತು.

ತಂಪಣ್ಣ ಬಗ್ಗಿ ಹಾಲಿನವನ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. ಆಮೇಲೆ ಮೀನಿನವನದಕ್ಕೆ. ಹಿಂದೆ ಒಂದೊಂದಾಗಿ ಎಲ್ಲ ಸೈಕಲ್ಲುಗಳ ಸ್ಟ್ಯಾಂಡೂ ಬಿದ್ದ ಸದ್ದಾಯಿತು. ಅವನು ತಾತನ ತಲೆಯ ಕಡೆಗೆ ಬಂದು ನಿಂತ. ಎರಡೂ ಕಾಲು ನೆಲದ ಮೇಲೆ ಊರಿ ನಿಂತ.